ಸುಣ್ಣದ ತೊಟ್ಟಿ, ಅರಿಶಿನದ ಬಟ್ಟೆ

ನನ್ನ ಭಾವನ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಭಾವ ಅಂದರೆ ಅಕ್ಕನ ಗಂಡ ಅಲ್ಲ, ನನ್ನ ಸೋದರತ್ತೆಯ ಮಗ. ನನಗಿಂತ ಎಂಟು ತಿಂಗಳು ಚಿಕ್ಕವನು, ಆದರೂ ಒಬ್ಬರಿಗೊಬ್ಬರು ಭಾವನೇ. ಇಬ್ಬರೂ ತೆರಕಣಾಂಬಿ ಕಡೆಯವರು, ಒಂದೇ ಬೀದಿ. ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟೆ, ಅವನು ಹತ್ತರಲ್ಲಿ ಫೇಲಾಗಿ ಬಿಟ್ಟ.

ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಚಿಕ್ಕ ಘಟಕದಲ್ಲಿ ನನಗೆ ಕೆಲಸ. ದೊಡ್ಡ ಕಾರ್ಖಾನೆ ಅಂದುಕೊಳ್ಳಬೇಡಿ. ಎರಡು ಶೀಟಿನ ಶೆಡ್ಡು, ಒಂದು ಬಾಯ್ಲರು, ಗಾಜಿನ ಬಾಗಿಲಿನ ಒಂದು ಕೋಣೆ, ಅಷ್ಟೇ. ಊರಿನಲ್ಲಿ ಯಾರಾದರೂ ಕೇಳಿದರೆ ಜೋಳದ ಕಡ್ಡಿ ಬೇಯಿಸುತ್ತೇನೆ ಅನ್ನುತ್ತಿದ್ದೆ. ನಗುತ್ತಿದ್ದರು. ನಮ್ಮ ಬೀದಿಯ ಮುದುಕನೊಬ್ಬ ಒಮ್ಮೆ, "ದನ ತಿನ್ನೋದ್ನ ಬೇಯ್ಸಿ ಯಾರ್ಗ್ಲಾ ಇಕ್ಕೀಯೆ?" ಅಂದ.

"ಬೂಸ್ಟಿಗೆ ಕಣ್ ತಾತ."

"ಬೂಸ್ಟು ತಂಗ್ಳು ಮುದ್ದೆ ಮ್ಯಾಲೂ ಬತ್ತದೆ. ಅದ್ಕೂ ಸಂಬ್ಳ ಕೊಟ್ಟಾರಾ?"

ಆದರೆ ನಾನು ಹೇಳಿದ್ದು ನಿಜ. ಗುಂಡ್ಲುಪೇಟೆ ಸುತ್ತಿನ ಹೊಲಗಳಿಂದ ತೆನೆ ಮುರಿದ ಮುಸುಕಿನ ಜೋಳದ ಕಡ್ಡಿ ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಅದನ್ನು ಕಟರ್‌ಗೆ ಕೊಟ್ಟು ಬೆರಳಿನಷ್ಟು ಉದ್ದಕ್ಕೆ ಕತ್ತರಿಸುತ್ತೇವೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ಸುಣ್ಣದ ನೀರಿಗೆ ಹಾಕಿ, ಹಬೆ ಬಿಟ್ಟು ಬೇಯಿಸುತ್ತೇವೆ. ಕಡ್ಡಿಯ ಒಳಗೆ ಗೋಂದಿನ ಹಾಗೆ ಒಂದು ಅಂಟು ಇರುತ್ತದಂತೆ. ಕಡ್ಡಿ ನೆಟ್ಟಗೆ ನಿಲ್ಲುವುದೇ ಅದರಿಂದ. ಆ ಅಂಟನ್ನು ಸುಣ್ಣ ಸಡಿಲ ಮಾಡುತ್ತದೆ. ಸಡಿಲವಾದ ಕಡ್ಡಿಯನ್ನು ತೊಳೆದು, ಸುಣ್ಣವನ್ನೆಲ್ಲ ತೆಗೆದು, ಗಾಜಿನ ಕೋಣೆಗೆ ಕಳಿಸಿದರೆ ಅಲ್ಲಿ ಲ್ಯಾಬಿನ ಮೇಡಂ ಅದನ್ನು ತಟ್ಟೆಗಳಲ್ಲಿ ಹರಡಿ ಬೂಸ್ಟು ಬಿತ್ತುತ್ತಾರೆ. ಬೂಸ್ಟು ಬೆಳೆಯುತ್ತಾ ಒಂದು ರಸ ಬಿಡುತ್ತದೆ. ಅದಕ್ಕೆ ಎಂಜೈಮ್ ಅನ್ನುತ್ತಾರೆ. ಆ ರಸ ಕಡ್ಡಿಯನ್ನು ಸಕ್ಕರೆ ಮಾಡುತ್ತದೆ, ಸಕ್ಕರೆಯಿಂದ ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್ ಮಾಡುತ್ತಾರೆ. ಹಸು ಹೊಟ್ಟೆಯಲ್ಲಿ ಮಾಡುವ ಕೆಲಸವನ್ನು ನಾವು ಶೆಡ್ಡಿನಲ್ಲಿ ಮಾಡುತ್ತೇವೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ನಮ್ಮ ಕಡೆಯ ಕೆಲಸದಲ್ಲಿ ಮುಖ್ಯವಾದದ್ದು ಒಂದೇ. ಸುಣ್ಣ ಪೂರ್ತಿ ಹೋಗಿರಬೇಕು. ಸುಣ್ಣ ಉಳಿದರೆ ಬೂಸ್ಟು ಏಳುವುದಿಲ್ಲ. ಹುಳಿ ಹೆಚ್ಚಾದರೂ ಏಳುವುದಿಲ್ಲ. ಇದನ್ನು ನೋಡುವುದಕ್ಕೆ ಒಂದು ಮೀಟರ್ ಇತ್ತು. ಪೆನ್ನಿನಂಥ ಗಾಜಿನ ಮೂತಿಯನ್ನು ತೊಟ್ಟಿಯ ನೀರಿಗೆ ಅದ್ದಿದರೆ ನಂಬರ್ ತೋರಿಸುತ್ತಿತ್ತು. ಇಡೀ ಘಟಕಕ್ಕೆ ಅದೊಂದೇ.

ಆ ತೊಟ್ಟಿಗೆ ಮೊದಲು ಬಂದವನು ನಾನು. ಭಾವ ಆಗ ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ಕೇರಳದ ಲಾರಿಗಳಿಗೆ ಈರುಳ್ಳಿ ಮೂಟೆ ತುಂಬುತ್ತಿದ್ದ. ಒಂದು ದಿನ ಅತ್ತೆ ಮನೆಗೆ ಬಂದು ಕುಂತು, "ಲೋ ಮಗ, ಇವ್ನ್ನೂ ಎಲ್ಲಾರ ಸೇರ್ಸ್ಕಳ್ಲಾ. ಮೂಟೆ ಹೊತ್ತು ಹೊತ್ತು ಸೊಂಟ ಓಯ್ತಾ ಅದೆ" ಅಂದಳು. ಘಟಕ ನೋಡಿಕೊಳ್ಳುವ ಎಂಜಿನಿಯರ್ ಹತ್ತಿರ ನಾನೇ ಮಾತಾಡಿ ಸೇರಿಸಿದೆ. ನಾನೇ ಅವನಿಗೆ ಸುಣ್ಣ ಕಲೆಸುವುದು, ಹಬೆಯ ವಾಲ್ವ್ ತಿರುಗಿಸುವುದು, ಬೆಂದ ಕಡ್ಡಿಯನ್ನು ಉಗುರಿನಲ್ಲಿ ಸೀಳಿ ನೋಡುವುದು ಎಲ್ಲ ಕಲಿಸಿದೆ.

ಒಂದು ತಿಂಗಳು ಕಳೆಯುವುದರೊಳಗೆ ಬಾಯ್ಲರ್ ನೋಡಿಕೊಳ್ಳುವ ಹಿರಿಯ, ನಾವೆಲ್ಲ ಯಜಮಾನ ಅನ್ನುವವನು, ತನ್ನ ಬುತ್ತಿಯಲ್ಲಿ ಅವನಿಗೂ ಪಾಲು ಕೊಡಲು ಶುರು ಮಾಡಿದ. ಟ್ರ್ಯಾಕ್ಟರ್ ಡ್ರೈವರುಗಳು ಬಂದರೆ ಮೊದಲು ಅವನನ್ನೇ ಕೂಗುತ್ತಿದ್ದರು. ಮೈಸೂರಿನಿಂದ ಬರುವ ಮೇಡಂ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನನ್ನನ್ನು 'ತೊಟ್ಟಿ ಹತ್ರ ಇರ್ತಾರಲ್ಲ, ಅವರು' ಅನ್ನುತ್ತಿದ್ದರು. ಅವನು ಏನೂ ಮಾಡುತ್ತಿರಲಿಲ್ಲ. ಕೆಲಸ ಮಾಡುತ್ತಾ ಮಾತಾಡುತ್ತಿದ್ದ, ಅಷ್ಟೇ. ನಾನು ಕೆಲಸ ಮಾಡುವಾಗ ಮಾತಾಡುವುದಿಲ್ಲ. ಬೈಕು ಕೂಡ ಅವನದೇ. ಬೆಳಿಗ್ಗೆ ಸಂಜೆ ಅವನ ಬೆನ್ನು ನೋಡಿಕೊಂಡು ಹಿಂದೆ ಕೂರುವವನು ನಾನು.

ಹೀಗಿರುವಾಗ ಎಂಜಿನಿಯರ್ ನಮ್ಮಿಬ್ಬರನ್ನೂ ಕರೆದರು. ನಾವಿಬ್ಬರೂ ಕಂಟ್ರಾಕ್ಟರ್ ಕಡೆಯವರು. ಇವತ್ತು ಇದ್ದೇವೆ, ನಾಳೆ ಗೊತ್ತಿಲ್ಲ. ಎಂಜಿನಿಯರ್ ಅಂದರು, "ತೊಟ್ಟಿಗೆ ಒಬ್ಬ ಆಪರೇಟರ್‌ನ ಕಂಪನಿಯವರೇ ತಗೋತಾರೆ. ಪರ್ಮನೆಂಟ್. ನಿಮ್ಮಿಬ್ಬರಲ್ಲಿ ಒಬ್ಬರು. ಇನ್ನು ಮೂರ್ನಾಲ್ಕು ಬ್ಯಾಚ್ ನೋಡಿ ಹೇಳ್ತೀನಿ."

ಆ ದಿನ ಬೈಕಿನಲ್ಲಿ ಬರುವಾಗ ಭಾವ ತಲೆ ತಿರುಗಿಸಿ, "ನಿಂಗೇ ಕಣ್ ಬಾವ ಅದು. ಮೊದ್ಲು ಬಂದವ್ನು ನೀನು" ಅಂದ.

"ಮುಂದೆ ನೋಡ್ಕಂಡ್ ಓಡ್ಸ್ಲಾ," ಅಂದೆ.

ನನಗೆ ಆ ಕೆಲಸ ಬೇಕಿತ್ತು. ಎಷ್ಟು ಬೇಕಿತ್ತು ಅಂದರೆ ಊಟಕ್ಕೆ ಕುಂತಾಗಲೂ ಅವನು ತಟ್ಟೆಗೆ ಕೈ ಹಾಕುವುದನ್ನು ನೋಡಿ ಸಿಟ್ಟು ಬರುತ್ತಿತ್ತು.

ಮುಂದಿನ ಬ್ಯಾಚಿನಲ್ಲೇ ಮೀಟರಿನ ಗಾಜಿನ ಮೂತಿ ಬಿರುಕು ಬಿಟ್ಟಿತು. ಹೊಸದು ಬೆಂಗಳೂರಿನಿಂದ ಬರಬೇಕು, ಹತ್ತು ಹದಿನೈದು ದಿನ ಅಂದರು. ಮೀಟರ್ ಇಲ್ಲದಾಗ ನೀರಿಗೆ ಅದ್ದಿ ಬಣ್ಣ ನೋಡುವ ಕಾಗದ ಒಂದು ಡಬ್ಬಿ ಇತ್ತು. ಮೇಡಂ ತೆಗೆದು ನೋಡಿದರೆ ತೇವ ಹತ್ತಿ ಒಂದಕ್ಕೊಂದು ಅಂಟಿಕೊಂಡಿದ್ದವು. ತೊಟ್ಟಿಯಲ್ಲಿ ಕಡ್ಡಿ ಬೆಂದು ಕುಂತಿದೆ. ತೊಳೆಯುತ್ತಾ ಇದ್ದೇವೆ. ಸುಣ್ಣ ಹೋಯಿತೋ ಇಲ್ಲವೋ ಹೇಳುವವರು ಯಾರೂ ಇಲ್ಲ. ಎಂಜಿನಿಯರ್ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ನಾನು ಪೈಪು ಹಿಡಿದು ನಿಂತಿದ್ದೆ.

ಬಾಯ್ಲರಿನ ಪಕ್ಕದ ಗೋಡೆಯಲ್ಲಿ ದೇವರ ಪಟ ಇದೆ, ಅದರ ಮುಂದೆ ಅರಿಶಿನ ಕುಂಕುಮದ ಬಟ್ಟಲು. ಭಾವ ಹೋಗಿ ಬಟ್ಟಲಿಂದ ಚಿಟಿಕೆ ಅರಿಶಿನ ತಂದ. ಅಂಗೈಯಲ್ಲಿ ನೀರು ಹಾಕಿ ಕಲೆಸಿ, ಕೈ ಒರೆಸುವ ಬಿಳಿ ಬಟ್ಟೆಯ ತುಂಡಿಗೆ ಬಳಿದ. ಅದನ್ನು ತೊಟ್ಟಿಯ ನೀರಿಗೆ ಅದ್ದಿ ಎತ್ತಿದ. ಬಟ್ಟೆ ರಕ್ತದ ಹಾಗೆ ಕೆಂಪಾಗಿತ್ತು.

"ನೋಡಿ ಸಾರ್, ಓಕುಳಿ. ಸುಣ್ಣ ಇನ್ನೂ ಅದೆ. ಅರಿಸ್ನ ಕೆಂಪಾಗ್ದೆ ಅರಿಸ್ನವಾಗೇ ಉಳ್ಕಂಡ್ರೆ ಸುಣ್ಣ ಓಯ್ತು ಅಂತ."

ನಮ್ಮ ಕಡೆ ಮದುಮಕ್ಕಳಿಗೆ, ಬಾಣಂತಿಗೆ, ಯಾರಿಗೆ ಆರತಿ ಎತ್ತಿದರೂ ತಟ್ಟೆಯಲ್ಲಿ ಓಕುಳಿ ನೀರು ಇರುತ್ತದೆ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಹುಟ್ಟಿದ ಮಗುವಿನ ಮುಂದೆ ಎತ್ತುವ ನೀರು ಅದು. ಗೊತ್ತಿಲ್ಲದವರು ಯಾರು?

ಎಂಜಿನಿಯರ್ ನಕ್ಕುಬಿಟ್ಟರು. ಮೇಡಂ ನಗಲಿಲ್ಲ, ಪುಸ್ತಕ ತಂದು ಬರೆದುಕೊಂಡರು. ಮೂರು ಸಲ ನೀರು ಬದಲಾಯಿಸಿದ ಮೇಲೆ ಬಟ್ಟೆ ಹಳದಿಯಾಗೇ ಉಳಿಯಿತು. ಕಡ್ಡಿಯನ್ನು ತಟ್ಟೆಗೆ ಹಾಕಿದರು. ಎರಡನೇ ದಿನಕ್ಕೆ ಬಿಳಿ ಬೂಸ್ಟು ಎದ್ದಿತು, ನಾಲ್ಕನೇ ದಿನಕ್ಕೆ ಹಸಿರು ತಿರುಗಿತು. ಇಷ್ಟು ಚೆನ್ನಾಗಿ ಹಿಂದೆ ಎದ್ದಿರಲಿಲ್ಲ ಅಂದರು ಮೇಡಂ.

ನನಗೆ ತಡೆಯಲಾಗದೇ ಹೋದದ್ದು ಏನು ಅಂದರೆ, ಅರಿಶಿನ ಬೆಳೆಯುವವರು ನಾವು. ಭಾವನ ಮನೆಯವರಲ್ಲ. ಅವರಿಗೆ ಹೊಲವೇ ಇಲ್ಲ. ನಾನು ಅರಿಶಿನ ಅಗೆದು, ಕೊಪ್ಪರಿಗೆಯಲ್ಲಿ ಬೇಯಿಸಿ, ಒಣಗಿಸಿ, ಪಾಲಿಶ್ ಡ್ರಮ್ಮಿಗೆ ಹಾಕಿ ತಿರುಗಿಸಿ ಬೆಳೆದವನು. ಆ ತಿಂಗಳುಗಳಲ್ಲಿ ನನ್ನ ಉಗುರು, ಅಂಗಿಯ ಕಂಕುಳು, ಹಾಸಿಗೆ ಎಲ್ಲ ಹಳದಿ. ಸೋಪು ಹಚ್ಚಿದರೆ ಅದೇ ಕಲೆ ಕೆಂಪಾಗುವುದನ್ನು ನೂರು ಸಲ ನೋಡಿದ್ದೇನೆ. ಆದರೂ ನಾನು ಪೈಪು ಹಿಡಿದು ನಿಂತಿದ್ದೆ. ಅವನು ದೇವರ ಬಟ್ಟಲಿಗೆ ಕೈ ಹಾಕಿದ.

ಅವನೇನೂ ಊರಲ್ಲಿ ಬಡಾಯಿ ಕೊಚ್ಚಲಿಲ್ಲ. ನಮ್ಮ ಮನೆ ಜಗುಲಿಯಲ್ಲಿ ಕುಂತು ನಗುತ್ತಾ ಹೇಳಿದ, ದೊಡ್ಡ ಎಂಜಿನಿಯರುಗಳಿಗೆಲ್ಲ ಆರತಿ ಎತ್ತಿಬಿಟ್ಟೆ ಅಂತ. ಅವ್ವ ಬಿದ್ದು ಬಿದ್ದು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಅರಿಸ್ನದ ಒಳ್ಗೇ ಉಟ್ದವ್ನು ನೀನು. ನಿಂಗ್ಯಾಕ್ಲಾ ಒಳೀನಿಲ್ಲ?" ಅಂದಳು.

ಆ ರಾತ್ರಿ ಊಟ ಬೇಡ ಅಂದೆ.

ಅದೇ ವಾರ ಬೋರಿನಲ್ಲಿ ನೀರು ಕಡಿಮೆ ಬರತೊಡಗಿತು. ಶನಿವಾರ ಎಂಜಿನಿಯರ್ ಹೊಸ ದಾರಿ ಹೇಳಿದರು. ಇನ್ನು ಮೇಲೆ ಎರಡೇ ಸಲ ತೊಳೆಯುವುದು. ಉಳಿದ ಸುಣ್ಣವನ್ನು ನೀರು ಬೆರೆಸಿದ ಆಸಿಡ್ ಹಾಕಿ ಕೊಲ್ಲುವುದು. "ಬಟ್ಟೆ ನೋಡ್ಕೊಂಡು ಒಂದೊಂದೇ ಮಗ್ ಹಾಕಿ," ಅಂದರು. ಹೇಳಿದ್ದು ಭಾವನಿಗೆ. ಬಟ್ಟೆ ಅವನದಲ್ಲವಾ.

ಭಾನುವಾರ ನಾನು ಮನೆಯ ಹಿಂದೆ ಕುಂತು ಚೊಂಬಿನಲ್ಲಿ ಓಕುಳಿ ಮಾಡಿದೆ. ಅವ್ವ ನೋಡಿ, "ಯಾರ್ಗ್ಲಾ ಆರ್ತಿ? ಎಣ್ ಗಿಣ್ ನೋಡ್ಕಂಡೀಯಾ?" ಅಂದಳು. ಭಾವನ ಬಟ್ಟೆಯಲ್ಲಿ ಏನಾದರೂ ಹುಳುಕು ಇರಲೇಬೇಕು ಅಂತ ನನ್ನ ಮನಸ್ಸು ಹೇಳುತ್ತಿತ್ತು. ಆಸಿಡ್ ಅಂದರೆ ಹುಳಿ ತಾನೇ. ಗಿಡದಿಂದ ನಿಂಬೆಹಣ್ಣು ಕಿತ್ತು ಓಕುಳಿಗೆ ಹಿಂಡಿದೆ. ಕೆಂಪು ನೀರು ಹಳದಿಯಾಯಿತು. ಇನ್ನೊಂದು ಹಿಂಡಿದೆ. ಹಳದಿ. ಮೂರನೆಯದೂ ಹಿಂಡಿದೆ. ಅದೇ ಹಳದಿ. ನಾಲಿಗೆಗೆ ತಾಗಿಸಿದರೆ ಕಣ್ಣು ಮುಚ್ಚಿಹೋಗುವಷ್ಟು ಹುಳಿ. ಆದರೆ ಬಣ್ಣದಲ್ಲಿ ಒಂದು ಚೂರೂ ವ್ಯತ್ಯಾಸ ಇಲ್ಲ.

ಸಿಕ್ಕಿತು. ಅರಿಶಿನ ಸುಣ್ಣವನ್ನು ಮಾತ್ರ ತೋರಿಸುತ್ತದೆ. ಸುಣ್ಣ ಸತ್ತ ಮೇಲೆ ಹುಳಿ ಎಷ್ಟೇ ಏರಿದರೂ ಬಾಯಿ ಬಿಡುವುದಿಲ್ಲ. ಬಟ್ಟೆ ಹಳದಿಯಾದ ಕೂಡಲೇ ಕೈ ನಿಲ್ಲಿಸಬೇಕು. ನನಗೆ ಆದ ಸಂತೋಷ ಹೇಳಲಿಕ್ಕಾಗುವುದಿಲ್ಲ. ಬುದ್ಧಿ ಅಂದರೆ ಇದು, ಅವನದಲ್ಲ ಅನ್ನಿಸಿತು. ಸೋಮವಾರ ಎಲ್ಲರ ಎದುರಿಗೆ ಎಂಜಿನಿಯರ್‌ಗೆ ಹೇಳಬೇಕು ಅಂದುಕೊಂಡೆ.

ಸೋಮವಾರ ಎಂಜಿನಿಯರ್ ಬರಲಿಲ್ಲ. ಭಾವನಿಗೇ ಹೇಳಬಹುದಿತ್ತು, ಬೈಕಿನಲ್ಲಿ ನನ್ನ ಬಾಯಿಯಿಂದ ಅವನ ಕಿವಿಗೆ ಒಂದು ಗೇಣು ದೂರ. ಹೇಳಿದರೆ ಅವನು ಹೋಗಿ ಮೇಡಂಗೆ ಹೇಳುತ್ತಾನೆ, ಅದೂ ಅವನ ಲೆಕ್ಕಕ್ಕೇ ಸೇರುತ್ತದೆ. ಹೇಳಲಿಲ್ಲ.

ಮಂಗಳವಾರ ಅವರು ಬರುವ ಮೊದಲೇ ತೊಟ್ಟಿ ತಯಾರಾಯಿತು. ಎರಡು ಸಲ ತೊಳೆದೆವು. ಭಾವ ಆಸಿಡ್ ನೀರನ್ನು ಮಗ್‌ನಲ್ಲಿ ಹುಯ್ಯುವುದು, ನಾನು ಉದ್ದ ಕೋಲಿನಲ್ಲಿ ತಿರುವುವುದು. ಐದನೇ ಮಗ್‌ಗೆ ಬಟ್ಟೆ ಹಳದಿಯಾಗಿ ನಿಂತಿತು. ಅವನು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಅಡೀಲಿ ಕಡ್ಡಿ ಒಳ್ಗೆ ಸುಣ್ಣ ಕಚ್ಕಂಡಿರ್ತದೆ ಬಾವ. ಇನ್ನೆರಡು ಆಕ್ಬುಡನಾ? ಏನಂತೀಯೆ?"

ಅವನು ಕೇಳಿದ. ಇದನ್ನು ನಾನು ಬರೆಯಲೇಬೇಕು. ನನ್ನನ್ನು ಕೇಳಿದ, ಮಗ್ ಕೈಯಲ್ಲಿ ಹಿಡಿದು ಕಾಯ್ದ.

"ನಂಗೇನ್ ಗೊತ್ಲಾ. ಬಟ್ಟೆ ನಿಂದು," ಅಂದೆ.

"ನೀನೊಬ್ಬ. ಬಾಯ್ಬುಟ್ರೆ ಮುತ್ತು ಉದ್ರ್ಬುಟ್ಟದಾ?" ಅಂತ ನಗುತ್ತಾ ಎರಡು ಹುಯ್ದ. ಅದ್ದಿ ನೋಡಿದ, ಹಳದಿ. ಇರಲಿ ಅಂತ ಇನ್ನೂ ಎರಡು ಹುಯ್ದ. ನಾನು ಕೋಲು ತಿರುವುತ್ತಲೇ ಇದ್ದೆ. ನನಗೆ ಹೆದರಿಕೆ ಆಗಲಿಲ್ಲ. ಮದುವೆ ಮನೆಯಲ್ಲಿ ಬೇರೆಯವರ ಎಲೆಯ ಮೇಲೆ ನೊಣ ಕುಂತದ್ದನ್ನು ನೋಡಿ ಸುಮ್ಮನಿರುತ್ತಾರಲ್ಲ, ಹಾಗೆ ಇದ್ದೆ.

ಕಡ್ಡಿ ಗಾಜಿನ ಕೋಣೆಗೆ ಹೋಯಿತು. ಗುರುವಾರ ಬಿಳಿ ಏಳಬೇಕಿತ್ತು, ಏಳಲಿಲ್ಲ. ಶುಕ್ರವಾರ ತಟ್ಟೆಗಳು ತೊಳೆದಿಟ್ಟ ಹಾಗೆ ಬೋಳಾಗಿದ್ದವು. ಅಷ್ಟರಲ್ಲಿ ಮೀಟರಿಗೆ ಹೊಸ ಮೂತಿ ಬಂದಿತ್ತು. ಮೇಡಂ ಒಂದು ಹಿಡಿ ಕಡ್ಡಿಯನ್ನು ನೀರಿಗೆ ಹಾಕಿ ಕಲಕಿ ಮೀಟರ್ ಅದ್ದಿದರು. ಬರೀ ಹುಳಿ. ಬೂಸ್ಟು ಬಿತ್ತಿದ ಕಡೆಯೇ ಸತ್ತಿತ್ತು. ಒಂದೂವರೆ ಟ್ರ್ಯಾಕ್ಟರ್ ಕಡ್ಡಿ, ಅಷ್ಟು ಜನರ ಒಂದು ವಾರದ ಕೆಲಸ, ಎಲ್ಲ ಗೊಬ್ಬರದ ಗುಂಡಿಗೆ.

ಎಂಜಿನಿಯರ್ ನಮ್ಮನ್ನು ಗಾಜಿನ ಕೋಣೆಗೆ ಕರೆದರು. ಬಾಯ್ಲರಿನ ಯಜಮಾನನೂ ಬಂದು ಬಾಗಿಲ ಹತ್ತಿರ ನಿಂತ. ಭಾವನೇ ಮೊದಲು ಮಾತಾಡಿದ. "ನಾನೇ ಸಾರ್ ಆಸಿಡ್ ಉಯ್ದದ್ದು. ಜಾಸ್ತಿ ಉಯ್ದ್ಬುಟ್ಟೆ. ಬಟ್ಟೆ ಬದ್ಲಾಗ್ನಿಲ್ಲ, ಗೊತ್ತಾಗ್ನಿಲ್ಲ." ನನ್ನನ್ನು ಕೇಳಿದ್ದನ್ನು ಅವನು ಹೇಳಲೇ ಇಲ್ಲ.

"ನನ್ನದೂ ತಪ್ಪಿದೆ. ನಾನೂ ಯೋಚನೆ ಮಾಡಬೇಕಿತ್ತು," ಅಂದರು ಎಂಜಿನಿಯರ್. ಅಂದು ನನ್ನ ಕಡೆ ನೋಡಿದರು. ಆ ನೋಟದಲ್ಲಿ ನನಗೆ ಗೊತ್ತಾಯಿತು, ಕೆಲಸ ನನ್ನ ಕಡೆ ವಾಲುತ್ತಿದೆ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಅವತ್ತಿಗೆ ಎಲ್ಲ ಮುಗಿಯುತ್ತಿತ್ತು.

ಅಷ್ಟರಲ್ಲಿ ಮೇಡಂ ಭಾವನಿಗೆ ಸಮಾಧಾನ ಹೇಳಿದರು. "ಬೇಜಾರು ಮಾಡ್ಕೋಬೇಡಿ. ನಿಮ್ಮ ಐಡಿಯಾ ಚೆನ್ನಾಗಿಯೇ ಇತ್ತು. ಹುಳಿ ತೋರಿಸಲ್ಲ ಅನ್ನೋದು ಇಲ್ಲಿ ಯಾರಿಗೆ ತಾನೇ ಹೊಳೆದಿತ್ತು?"

ತಪ್ಪು ಮಾಡಿದ ಮೇಲೂ ಅವನಿಗೇ ಸಮಾಧಾನ. ನನ್ನ ತಲೆ ಬಿಸಿಯಾಯಿತು.

"ನಂಗೆ ಒಳ್ದಿತ್ತು ಮೇಡಂ," ಅಂದೆ. "ಅರಿಸ್ನ ಹುಳಿ ತೋರ್ಸಲ್ಲ. ನಾನು ಮನೇಲಿ ಓಕ್ಳಿ ಮಾಡಿ, ನಿಂಬೆಹಣ್ ಇಂಡಿ ನೋಡಿದ್ದೆ. ಮೂರ್ ಹಣ್ ಇಂಡಿದ್ರೂ ಬಣ್ಣ ಅಲ್ಲಾಡ್ನಿಲ್ಲ."

ಎಂಜಿನಿಯರ್ ಮುಖ ಅರಳಿತು. "ಅರೆ, ನೀವೇ ಮಾಡಿ ನೋಡಿದ್ರಾ? ಗುಡ್." ಆ ಕ್ಷಣ ನಾನು ಆ ಕೋಣೆಯಲ್ಲಿ ಎಲ್ಲರಿಗಿಂತ ಎತ್ತರ ಇದ್ದೆ. ಭಾವನ ಕಡೆ ನೋಡಬೇಕು ಅನ್ನಿಸಿತು, ನೋಡಿದೆ.

ಮೇಡಂ ಎಲ್ಲವನ್ನೂ ಬರೆದುಕೊಳ್ಳುವವರು. ಪುಸ್ತಕ ತೆರೆದು ಪೆನ್ನು ಹಿಡಿದು ಕೇಳಿದರು, "ಯಾವತ್ತು ಮಾಡಿದ್ದು?"

"ಭಾನ್ವಾರ."

ಪೆನ್ನು ನಿಂತಿತು. ಬಾಗಿಲ ಹತ್ತಿರದಿಂದ ಬಾಯ್ಲರಿನ ಯಜಮಾನ ಮೆತ್ತಗೆ ಅಂದ, "ಆಸಿಡ್ ಉಯ್ದದ್ದು ಮಂಗ್ಳಾರ ಅಲ್ವೇನ್ಲಾ?"

ಭಾವ ನನ್ನ ಕಡೆ ನೋಡಲೇ ಇಲ್ಲ. ಬೋಳು ತಟ್ಟೆಗಳನ್ನು ನೋಡುತ್ತಿದ್ದ. ಎಂಜಿನಿಯರ್ ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ. ಅವರು ಬೈಯಲಿಲ್ಲ. "ನೀವು ಸ್ವಲ್ಪ ದಿನ ಕಟರ್ ಹತ್ರ ಇರಿ," ಅಂದರು. ಅಷ್ಟೇ.

ಸಂಜೆ ಬಸ್ಸಿಗೆ ಹೋಗೋಣ ಅಂತ ನಾನು ಗೇಟು ದಾಟಿದ್ದೆ. ಬೈಕು ಬಂದು ಪಕ್ಕದಲ್ಲಿ ನಿಂತಿತು. ಹತ್ತು ಅಂತ ಅವನು ಹೇಳಲಿಲ್ಲ, ನಾನು ಹತ್ತಿದೆ. ಚಾಮರಾಜನಗರದಲ್ಲಿ ದಿನವೂ ಟೀ ಕುಡಿಯುವ ಅಂಗಡಿಯ ಮುಂದೆ ನಿಲ್ಲಿಸಿ ಎರಡು ಟೀ ಹೇಳಿದ.

"ನಾನ್ ಕೇಳ್ದೆ ಅಲ್ವಾ ಬಾವ ನಿನ್ನ."

"ಊಂ. ಕೇಳ್ದೆ."

"ಬ್ಯಾಡ ಕಣ್ಲಾ ಅಂದಿದ್ರೆ ನಿಲ್ಸ್ಬುಡ್ತಿದ್ದೆ."

"ಗೊತ್ತು."

ಟೀ ಗ್ಲಾಸನ್ನು ಅವನು ಎರಡೂ ಕೈಯಲ್ಲಿ ಹಿಡಿದಿದ್ದ. ಆಸಿಡ್ ತಗುಲಿ ಹೆಬ್ಬೆರಳ ಪಕ್ಕ ಸಿಪ್ಪೆ ಎದ್ದಿತ್ತು. "ಆ ಕೆಲ್ಸ ಬೇಕು ಅಂತ ಬಾಯ್ಬುಟ್ಟು ಯೋಳಿದ್ರೆ ನಾನೇ ಸಾರ್‌ಗೆ ಯೋಳ್ತಿದ್ದೆ. ಇವ್ನ್ಗೇ ಕೊಡಿ ಅಂತ."

"ಸುಳ್ಳು ಬೊಗಳ್ಬ್ಯಾಡ," ಅಂದೆ.

"ಸರಿ ಬುಡು," ಅಂದ.

ಸುಳ್ಳಲ್ಲ ಅಂತ ನನಗೆ ಗೊತ್ತಿತ್ತು. ಅವನು ಹೇಳುತ್ತಿದ್ದ, ಖಂಡಿತ ಹೇಳುತ್ತಿದ್ದ. ಆಮೇಲೆ ಬಿಟ್ಟುಕೊಟ್ಟವನು ಅಂತ ಅದಕ್ಕೂ ಎಲ್ಲರೂ ಅವನನ್ನೇ ಹೊಗಳುತ್ತಿದ್ದರು. ಆ ಟೀ ಅಂಗಡಿಯಲ್ಲಿ ನಿಂತು ನನಗೆ ನಾಚಿಕೆ ಆಗಬೇಕಿತ್ತು. ಸ್ವಲ್ಪ ಆಯಿತು. ಹೆಚ್ಚಿಗೆ ಆದದ್ದು ಹೊಟ್ಟೆ ಉರಿ.

ಮುಂದಿನ ತಿಂಗಳು ಅವನು ಪರ್ಮನೆಂಟ್ ಆದ, ಕಂಪನಿಯ ಕಾರ್ಡು ಬಂತು. ನಾನು ಕಟರ್ ಹತ್ತಿರವೇ ಇದ್ದೇನೆ. ಸ್ವಲ್ಪ ದಿನ ಅಂದದ್ದು ಹಾಗೇ ಉಳಿಯಿತು. ದಿನವೆಲ್ಲ ಕಡ್ಡಿಯ ದೂಳು, ಮೈ ತುರಿಕೆ. ನಾನು ಕತ್ತರಿಸಿ ಕೊಟ್ಟದ್ದನ್ನು ಅವನು ಬೇಯಿಸುತ್ತಾನೆ. ಮೇಡಂ ಈಗ ನನ್ನ ಹೆಸರು ಕಲಿತಿದ್ದಾರೆ. ಯಾಕೆ ಕಲಿತರು ಅಂತ ನನಗೂ ಗೊತ್ತು.

ಕಾರ್ಡು ಬಂದ ದಿನ ಅತ್ತೆ ಒಬ್ಬಟ್ಟು ಮಾಡಿ ನಮ್ಮ ಮನೆಗೆ ತಂದಳು. ಭಾವ ಅವಳ ಹಿಂದೆ ಬಾಗಿಲಲ್ಲಿ ನಿಂತಿದ್ದ. ಆ ಮಂಗಳವಾರದ ವಿಷಯ ಅವನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ಅತ್ತೆಯ ಮುಖ ನೋಡಿದರೇ ತಿಳಿಯುತ್ತಿತ್ತು. ಹೇಳಿದ್ದರೆ ಅತ್ತೆ ಬಂದು ಬೀದಿಯಲ್ಲಿ ನಿಂತು ಬೈಯುತ್ತಿದ್ದಳು, ನಾವೂ ಬೈಯುತ್ತಿದ್ದೆವು, ಒಂದು ಹಬ್ಬದ ಹೊತ್ತಿಗೆ ಎಲ್ಲ ಸರಿಹೋಗುತ್ತಿತ್ತು. ಅವನು ಅದಕ್ಕೂ ದಾರಿ ಬಿಡಲಿಲ್ಲ.

ಅತ್ತೆ ಮೊದಲ ಒಬ್ಬಟ್ಟನ್ನು ನನ್ನ ಕೈಗೇ ಇಟ್ಟಳು. "ನೀನು ಸೇರ್ಸಿದ್ದಕ್ಕೆ ಕಣ್ ಮಗ ಇವತ್ತು ಇವ್ನ್ಗೆ ಈ ಕೆಲ್ಸ ಸಿಕ್ಕದ್ದು. ಅಲ್ವೇನ್ಲಾ?" ಅಂತ ಮಗನ ಕಡೆ ತಿರುಗಿದಳು.

"ಊಂ ಕಣವ್ವ. ಬಾವನೇ," ಅಂದ ಅವನು.

ಅವ್ವ ತುಪ್ಪ ತರಲು ಒಳಗೆ ಹೋದಳು. ಅತ್ತೆ ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದಳು. ತಿಂದೆ. ಚೆನ್ನಾಗಿತ್ತು. ಇನ್ನೊಂದು ಕೊಟ್ಟಳು, ಅದನ್ನೂ ತಿಂದೆ.